ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಯಾವ ಪ್ರೋಗ್ರಾಮಿಂಗ್ ಭಾಷೆ? ಮೊದಲು ಆಲೆಮನೆಗೆ ಹೋಗಿ ಬನ್ನಿ

ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಇವತ್ತಿಗೂ ಒಂದು ಹಳೇ ಕಂಪ್ಯೂಟರ್ ಓಡುತ್ತಿದೆ. ಅದರಲ್ಲಿರುವ ಲೆಕ್ಕದ ಸಾಫ್ಟ್‌ವೇರನ್ನು ಮೈಕ್ರೋಸಾಫ್ಟ್‌ನ ವಿಷುಯಲ್ ಫಾಕ್ಸ್‌ಪ್ರೋ ಎಂಬ ಹಳೇ ಭಾಷೆಯಲ್ಲಿ ಬರೆದಿದ್ದಾರೆ. ಬರೆದವರು ಊರು ಬಿಟ್ಟು ಎಷ್ಟೋ ವರ್ಷವಾಯಿತು. ಮೈಕ್ರೋಸಾಫ್ಟ್ ಕೂಡ 2015ರ ಜನವರಿಯಲ್ಲಿ ಫಾಕ್ಸ್‌ಪ್ರೋ ಬೆಂಬಲಕ್ಕೆ ಕೈ ಮುಗಿದುಬಿಟ್ಟಿತು. ಮಂಡಿಯ ಯಜಮಾನರು ನನ್ನನ್ನು ಕೂರಿಸಿಕೊಂಡು ಕೇಳಿದ್ದು ಒಂದೇ ಮಾತು: ‘ಏನಪ್ಪ ಇಂಜಿನಿಯರ್ರು, ರೈತ್ರ ಮೊಬೈಲ್ ನಂಬರ್ ಹಾಕಕ್ಕೆ ಒಂದು ಕಾಲಂ ಸೇರ್ಸಕ್ಕಾಗಕಿಲ್ವಾ?’

ಆಗಲಿಲ್ಲ. ಸೋರ್ಸ್ ಕೋಡೇ ಇರಲಿಲ್ಲ. ಇದ್ದಿದ್ದರೂ ಅದನ್ನು ಮುಟ್ಟುವವರು ಬೇಕಲ್ಲ? ಮೈಸೂರು, ಮಂಡ್ಯ ಎರಡೂ ಕಡೆ ನನಗೆ ಗೊತ್ತಿರುವವರಲ್ಲಿ ಫಾಕ್ಸ್‌ಪ್ರೋ ಬಲ್ಲವರು ಒಬ್ಬರೂ ಸಿಗಲಿಲ್ಲ.

ಆಮೇಲೆ ನಾವು ನಾಲ್ಕು ಜನ ಸ್ನೇಹಿತರು ಸೇರಿ ಆಲೆಮನೆಗಳಿಗೆ ಒಂದು ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ಲೆಕ್ಕದ ಪುಸ್ತಕ ಮಾಡೋಣ ಎಂದು ಹೊರಟೆವು. ಎಷ್ಟು ಟನ್ ಕಬ್ಬು ಬಂತು, ಎಷ್ಟು ಕೊಪ್ಪರಿಗೆ ಇಳಿಯಿತು, ಎಷ್ಟು ಅಚ್ಚು ಬೆಲ್ಲ ಆಯಿತು, ಯಾರಿಗೆ ಎಷ್ಟು ಕೂಲಿ ಬಾಕಿ. ಇಷ್ಟೇ. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ, ಸರಸ್ವತಿಪುರಂನಲ್ಲಿ ಕಾಫಿಗೆ ಕೂತರೆ ಮೂರು ವಾರ ಒಂದೇ ಜಗಳ. ಯಾವ ಭಾಷೆಯಲ್ಲಿ ಬರೆಯೋದು? ಒಬ್ಬ ರಸ್ಟ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಇನ್ನೊಬ್ಬಳಿಗೆ ಪೈಥಾನ್ ಅಂದರೆ ಪ್ರಾಣ. ಮತ್ತೊಬ್ಬ ಜಾವಾದಲ್ಲಿ ಸಂಬಳ ತೆಗೆದುಕೊಳ್ಳುವವನು, ಭಾನುವಾರವೂ ಜಾವಾನೇ ಯಾಕೆ ಬರೆಯಲಿ ಎಂದು ಗೊಣಗುವವನು. ನಾನು ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಆ ಮೂರು ವಾರ ಮತ್ತು ಅದರ ನಂತರದ ಎರಡು ವಾರದಲ್ಲಿ ನಾವು ಏನು ಮಾಡಿದೆವು, ಮೊದಲೇ ಏನು ಮಾಡಬೇಕಿತ್ತು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನೀವೂ ಇಂಥ ಪ್ರಾಜೆಕ್ಟ್ ಶುರು ಮಾಡುವವರಾದರೆ ಇದೇ ಕ್ರಮದಲ್ಲಿ ಹೋಗಿ.

ಹೆಜ್ಜೆ 1: ಸಾಫ್ಟ್‌ವೇರ್ ಓಡುವ ಜಾಗ ನೋಡಿ ಬನ್ನಿ

ಭಾಷೆಗಳ ಹೆಸರು ಎತ್ತುವ ಮುಂಚೆ ಜಾಗ ನೋಡಬೇಕು. ನಾವು ಮೂರು ವಾರ ವಾದ ಮಾಡಿದ ಮೇಲೆ ಆಲೆಮನೆಗೆ ಹೋದೆವು. ಕಬ್ಬಿನ ಸಿಪ್ಪೆ ಉರಿಯುವ ಒಲೆ, ಕಣ್ಣುರಿಸುವ ಹೊಗೆ, ಎಲ್ಲಿ ಮುಟ್ಟಿದರೂ ಅಂಟು. ಕಂಪ್ಯೂಟರ್ ಇಡುವ ಜಾಗವೇ ಇಲ್ಲ. ಲೆಕ್ಕ ಬರೆಯುವ ಅಣ್ಣನ ಜೇಬಿನಲ್ಲಿ ಗಾಜು ಒಡೆದ ಒಂದು ಆಂಡ್ರಾಯ್ಡ್ ಫೋನಿತ್ತು. ಸಿಗ್ನಲ್ ಬರುತ್ತೆ, ಹೋಗುತ್ತೆ. ನಮ್ಮಲ್ಲಿ ಇಬ್ಬರು ಆಗಲೇ ಡೆಸ್ಕ್‌ಟಾಪ್ ಸಾಫ್ಟ್‌ವೇರಿನ ಪರದೆಗಳ ಚಿತ್ರ ಬರೆದಿಟ್ಟಿದ್ದರು. ಆ ಹಾಳೆಗಳು ಅಲ್ಲೇ ಒಲೆಗೆ ಹೋಗಬಹುದಿತ್ತು.

ವಾಪಸ್ ಬರುವಾಗ ಒಂದು ಕಾಗದದಲ್ಲಿ ಬರೆದುಕೊಂಡೆವು: ಫೋನಿನಲ್ಲಿ ಓಡಬೇಕು. ನೆಟ್ ಇಲ್ಲದೆ ಓಡಬೇಕು. ಎಲ್ಲವೂ ಕನ್ನಡದಲ್ಲಿರಬೇಕು. ಅಕ್ಷರ ದೊಡ್ಡದಿರಬೇಕು. ಫೋನ್ ಕಳೆದರೂ ಲೆಕ್ಕ ಕಳೆಯಬಾರದು. ಈ ಐದು ಸಾಲಿಗೇ ಅರ್ಧ ಜಗಳ ಮುಗಿಯಿತು. ಉಳಿದದ್ದು ಮೂರು ದಾರಿ. ಆಂಡ್ರಾಯ್ಡಿಗಾಗಿ ಕಾಟ್ಲಿನ್, ಫ್ಲಟರ್ ಎಂಬ ಆ್ಯಪ್ ಕಟ್ಟುವ ಸಲಕರಣೆ ಜೊತೆ ಡಾರ್ಟ್ ಭಾಷೆ, ಇಲ್ಲವೇ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆದುಕೊಳ್ಳುವ ವೆಬ್ ಆ್ಯಪ್. ವೆಬ್ ಆ್ಯಪ್ ಅಂದರೆ ಜಾವಾಸ್ಕ್ರಿಪ್ಟ್ ಅಥವಾ ಟೈಪ್‌ಸ್ಕ್ರಿಪ್ಟ್.

ನಿಮ್ಮ ಜಾಗ ಬೇರೆಯಿರಬಹುದು. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ನಡೆಯಬೇಕಾದ ವೆಬ್‌ಸೈಟಾದರೆ ಪಿಎಚ್‌ಪಿಯನ್ನು ನೋಡಿ ಮೂಗು ಮುರಿಯಬೇಡಿ. ವಿಕಿಪೀಡಿಯ ಮೊದಲು ಪರ್ಲ್‌ನಲ್ಲಿ ಬರೆದ ಸಾಫ್ಟ್‌ವೇರಿನ ಮೇಲೆ ನಡೆಯುತ್ತಿತ್ತು, 2002ರಲ್ಲಿ ಪಿಎಚ್‌ಪಿಗೆ ಬಂತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇವತ್ತಿಗೂ ಪಿಎಚ್‌ಪಿಯಲ್ಲೇ ಬರೆದ ಮೀಡಿಯಾವಿಕಿ ಎಂಬ ಸಾಫ್ಟ್‌ವೇರಿನ ಮೇಲೆ ನಿಂತಿದೆ. ಪೆನ್ ಡ್ರೈವಿನಲ್ಲಿ ಒಯ್ದು ಹತ್ತು ಕಂಪ್ಯೂಟರಿಗೆ ಹಾಕಬೇಕಾದ ಸಣ್ಣ ಸಲಕರಣೆಯಾದರೆ ಗೋ ಭಾಷೆ ಚೆನ್ನ. ಎಲ್ಲ ಸೇರಿ ಒಂದೇ ಫೈಲ್ ಆಗುತ್ತದೆ. ಲಿನಕ್ಸ್‌ನಲ್ಲಿ ಕೂತು ವಿಂಡೋಸಿಗೆ ಬೇಕಾದ ಫೈಲನ್ನೂ ತಯಾರಿಸಬಹುದು. ನಾಲೆಯ ನೀರಿನ ಮಟ್ಟ ಅಳೆಯುವ ಸಣ್ಣ ಬೋರ್ಡಿಗಾದರೆ ಸಿ ಅಥವಾ ಸಿ ಪ್ಲಸ್ ಪ್ಲಸ್. ದತ್ತಾಂಶ ಜಾಲಾಡುವ ಕೆಲಸಕ್ಕೆ ಪೈಥಾನ್. ಇದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ, ಮುಂದೆ ಹೋಗೋಣ.

ಹೆಜ್ಜೆ 2: ಕೈಗಳನ್ನು ಎಣಿಸಿ

ಇದೇ ಮುಖ್ಯ ಹೆಜ್ಜೆ. ಬಹಳ ಜನ ಹಾರಿಸುವ ಹೆಜ್ಜೆಯೂ ಇದೇ. ಹಾರಿಸಿದವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ನಾನೊಂದು ಸಣ್ಣ ಓಪನ್ ಸೋರ್ಸ್ ಪ್ರಾಜೆಕ್ಟ್ ಮಾಡಿದ್ದೆ. ಆಗ ಹ್ಯಾಸ್ಕೆಲ್ ಹುಚ್ಚು ಹಿಡಿದಿತ್ತು. ಕೋಡ್ ನೋಡಲು ಬಲು ಚೆಂದ. ಎಂಟು ತಿಂಗಳಲ್ಲಿ ಹೊರಗಿನಿಂದ ಬಂದ ಕೊಡುಗೆ ಒಂದೇ ಒಂದು. ಒಬ್ಬರು ರೀಡ್‌ಮಿ ಫೈಲಿನ ಸ್ಪೆಲಿಂಗ್ ತಿದ್ದಿದ್ದರು. ನನಗೆ ಕೆಲಸ ಜಾಸ್ತಿಯಾಗಿ ನಾನೂ ಬಿಟ್ಟೆ, ಪ್ರಾಜೆಕ್ಟ್ ನಿಂತಿತು. ಕಾಫಿ ಮೇಜಿನ ಜಗಳದಲ್ಲಿ ನಾನು ಸುಮ್ಮನಿದ್ದದ್ದು ಇದಕ್ಕೇ. ಹ್ಯಾಸ್ಕೆಲ್ ಕೆಟ್ಟ ಭಾಷೆ ಎಂದಲ್ಲ. ನನ್ನ ಸುತ್ತ ಅದನ್ನು ಓದುವವರಿರಲಿಲ್ಲ ಅಷ್ಟೇ. ಮಂಡಿಯ ಫಾಕ್ಸ್‌ಪ್ರೋಗೂ ನನ್ನ ಹ್ಯಾಸ್ಕೆಲ್‌ಗೂ ಕೊನೆಗೆ ಬಂದ ಗತಿ ಒಂದೇ.

ಹಾಗಾದರೆ ಕೈ ಎಣಿಸುವುದು ಹೇಗೆ? ಒಂದು ಹಾಳೆಯಲ್ಲಿ ಮೂರು ಥರದ ಜನರನ್ನು ಬರೆಯಿರಿ.

ಮೊದಲನೆಯವರು, ಈಗ ನಿಮ್ಮ ಜೊತೆ ಇರುವವರು. ಅವರಿಗೆ ಯಾವುದು ಇಷ್ಟ ಎಂದು ಕೇಳಬೇಡಿ. ‘ರಾತ್ರಿ ಹತ್ತು ಗಂಟೆಗೆ ಏನಾದರೂ ಕೆಟ್ಟರೆ ಯಾವ ಭಾಷೆಯ ಕೋಡನ್ನು ಗೂಗಲ್ ಮಾಡದೆ ಸರಿಮಾಡುತ್ತೀಯ?’ ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ. ರಸ್ಟ್ ಎಂದು ಕುಣಿಯುತ್ತಿದ್ದ ನಮ್ಮ ಗೆಳೆಯ ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಜಾವಾಸ್ಕ್ರಿಪ್ಟ್’ ಎಂದ. ಹೊಟ್ಟೆಪಾಡಿಗೆ ಅವನು ಬರೆಯುವುದು ಅದನ್ನೇ.

ಎರಡನೆಯವರು, ಮುಂದಿನ ವರ್ಷ ಬರಬಹುದಾದವರು. ನಮ್ಮ ಕಡೆ ಅದು ಹೆಚ್ಚಾಗಿ ಇಂಜಿನಿಯರಿಂಗ್ ಹುಡುಗ ಹುಡುಗಿಯರು. ಮೈಸೂರಿನ ಎನ್‌ಐಇ 1946ರಿಂದ ಇದೆ, ಮಂಡ್ಯದ ಪಿಇಎಸ್ ಕಾಲೇಜು 1962ರಿಂದ. ಜನಕ್ಕೆ ಬರವಿಲ್ಲ. ಆದರೆ ಅವರು ಸಿ, ಜಾವಾ, ಪೈಥಾನ್ ಲ್ಯಾಬ್ ಮುಗಿಸಿ ಬಂದಿರುತ್ತಾರೆ. ವೆಬ್ ಪೇಜ್ ಮಾಡಿ ಆಡಿರುತ್ತಾರೆ, ಹಾಗಾಗಿ ಜಾವಾಸ್ಕ್ರಿಪ್ಟ್ ಸ್ವಲ್ಪ ಗೊತ್ತಿರುತ್ತದೆ. ಉಳಿದದ್ದನ್ನು ನೀವೇ ಕಲಿಸಬೇಕು. ಕಲಿಸಲು ನಿಮಗೆ ಪುರುಸೊತ್ತಿದೆಯೇ? ಇದ್ದರೆ ಸರಿ. ನಮಗಿರಲಿಲ್ಲ.

ಮೂರನೆಯವರು, ಭಾಷೆಯ ಆಕರ್ಷಣೆಗೇ ಬರುವವರು. ಇವರೂ ನಿಜವಾಗಿ ಇದ್ದಾರೆ, ತಳ್ಳಿಹಾಕಬೇಡಿ. ಫಿಶ್ ಎಂಬ ಶೆಲ್ (ಕಂಪ್ಯೂಟರಿಗೆ ಟೈಪ್ ಮಾಡಿ ಆಜ್ಞೆ ಕೊಡುವ ಪ್ರೋಗ್ರಾಂ) ಇದೆಯಲ್ಲ, ಅದರ ತಂಡ 2023ರಲ್ಲಿ ಸಿ ಪ್ಲಸ್ ಪ್ಲಸ್ ಕೋಡನ್ನು ರಸ್ಟ್‌ಗೆ ಬದಲಿಸಲು ಕೂತಿತು. ಅವರು ಹೇಳಿದ ಕಾರಣಗಳಲ್ಲಿ ಒಂದು, ಹಳೇ ಭಾಷೆಗೆ ಹೊಸ ಕೊಡುಗೆದಾರರು ಸಿಗುವುದು ಕಷ್ಟ ಎಂಬುದು. 2025ರ ಫೆಬ್ರವರಿಯಲ್ಲಿ 4.0 ಆವೃತ್ತಿ ಬಂತು. ಸುಮಾರು ಎರಡು ವರ್ಷದ ಕೆಲಸ. ಆದರೆ ಫಿಶ್ ಬಳಸುವವರಲ್ಲಿ ಹೆಚ್ಚಿನವರು ಪ್ರೋಗ್ರಾಮರ್‌ಗಳೇ. ಅವರಲ್ಲೇ ರಸ್ಟ್ ಕಲಿಯಲು ಕಾದಿರುವವರು ಸಿಗುತ್ತಾರೆ. ಬೆಲ್ಲ ಕಾಯಿಸುವ ಅಣ್ಣ ರಸ್ಟ್ ಕಲಿಯುವುದಿಲ್ಲ ಅಲ್ವಾ?

ಹಾಳೆ ತುಂಬಿದ ಮೇಲೆ ಒಂದು ಪರೀಕ್ಷೆ ಮಾಡಿ. ನಾನು ಇದನ್ನು ಒಂದು ಗಂಟೆ ಪರೀಕ್ಷೆ ಎನ್ನುತ್ತೇನೆ. ಪ್ರಾಜೆಕ್ಟ್ ನೋಡಿಯೇ ಇರದ ಒಬ್ಬರ ಕೈಗೆ 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಕೊಡಿ. ನೆಟ್ ಬೇಕಾದರೆ ಅವರ ಮೊಬೈಲ್ ಹಾಟ್‌ಸ್ಪಾಟ್. ಒಂದು ಗಂಟೆಯಲ್ಲಿ ಅವರು ಕೋಡ್ ಇಳಿಸಿಕೊಂಡು, ಓಡಿಸಿ, ಪರದೆಯ ಮೇಲೆ ಒಂದು ಪದ ಬದಲಿಸಿ ತೋರಿಸಬೇಕು. ನೀವು ಪಕ್ಕದಲ್ಲಿ ಕೂತಿರಿ, ಬಾಯಿ ಬಿಡಬೇಡಿ.

ನಮ್ಮ ಮೂರು ದಾರಿಗಳಲ್ಲಿ ಕಾಟ್ಲಿನ್ ಇಲ್ಲೇ ಎಡವಿತು. ಭಾಷೆಯಲ್ಲಿ ಏನೂ ದೋಷವಿಲ್ಲ. ಗೂಗಲ್ 2017ರಲ್ಲಿ ಅದನ್ನು ಆಂಡ್ರಾಯ್ಡಿಗೆ ಅಧಿಕೃತವಾಗಿ ಒಪ್ಪಿಕೊಂಡಿತು, 2019ರಿಂದ ಅದಕ್ಕೇ ಮೊದಲ ಮಣೆ. ಆದರೆ ಅದರಲ್ಲಿ ಆ್ಯಪ್ ಕಟ್ಟಲು ಬಳಸುವ ಆಂಡ್ರಾಯ್ಡ್ ಸ್ಟುಡಿಯೋ ಕನಿಷ್ಠ 8 ಜಿಬಿ ರ‍್ಯಾಮ್ ಕೇಳುತ್ತದೆ. ನಮ್ಮ ಹಳೇ ಲ್ಯಾಪ್‌ಟಾಪಿನ ಫ್ಯಾನು ಗಿರಣಿ ಥರ ಕೂಗಿತು, ಅಷ್ಟೇ. ಜೊತೆಗೆ ಇಳಿಸಿಕೊಳ್ಳಬೇಕಾದ ಡೇಟಾ ನೋಡಿ, ಪರೀಕ್ಷೆಗೆ ಕೂತಿದ್ದ ಹುಡುಗಿ, ‘ಅಣ್ಣಾ, ನನ್ನ ಇವತ್ತಿನ ಪ್ಯಾಕ್ ಮುಗೀತು’ ಎಂದಳು. ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಈಗಿನ ಕೊಡುಗೆದಾರರಲ್ಲಿ ಒಬ್ಬರು ಮಂಡ್ಯದಿಂದ ಬೆಂಗಳೂರಿಗೆ ದಿನಾ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು. ಸೀಟು ಸಿಕ್ಕ ದಿನ ಕೋಡ್ ಬರೆಯುತ್ತಾರೆ. ಮದ್ದೂರು ದಾಟುವಷ್ಟರಲ್ಲಿ ಸಿಗ್ನಲ್ ಎರಡು ಸಲ ಹೋಗಿರುತ್ತದೆ. ಹಾಗಾಗಿ ನೆಟ್ ಇಲ್ಲದೆ ಬಿಲ್ಡ್ ಆಗುವುದು (ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಾಗುವುದು) ನಮಗೆ ದೊಡ್ಡ ಗುಣ.

ಹೆಜ್ಜೆ 3: ಕನ್ನಡ ಪರೀಕ್ಷೆ

ಇಂಗ್ಲಿಷ್ ಮಾತ್ರ ಬಳಸುವ ಪ್ರಾಜೆಕ್ಟಾದರೆ ಇದನ್ನು ಬಿಟ್ಟು ಮುಂದೆ ಹೋಗಿ. ಕನ್ನಡ ಅಕ್ಷರ ಒಂದಾದರೂ ಬರುವುದಾದರೆ ಇಲ್ಲಿ ಒಂದು ಸಂಜೆ ಕಳೆಯಿರಿ. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಇಲ್ಲೇ ಮಾನಸಗಂಗೋತ್ರಿಯಲ್ಲಿದೆ. ಅದೇ ಊರಿನಲ್ಲಿ ಕೂತು ಒತ್ತಕ್ಷರ ಒಡೆಯುವ ಸಾಫ್ಟ್‌ವೇರ್ ಬರೆದರೆ ಹೇಗೆ?

ಮೊದಲ ಪರೀಕ್ಷೆ ಉದ್ದದ್ದು. ‘ಮಂಡ್ಯ’ ಎಂಬ ಪದ ಕೊಟ್ಟು ಎಷ್ಟು ಅಕ್ಷರ ಎಂದು ಭಾಷೆಯನ್ನು ಕೇಳಿ. ನಮ್ಮ ಕಣ್ಣಿಗೆ ಎರಡು: ಮಂ, ಡ್ಯ. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ 5 ಎನ್ನುತ್ತವೆ. ಮ, ಸೊನ್ನೆ, ಡ, ಹಲಂತ, ಯ ಎಂದು ಯೂನಿಕೋಡ್ (ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಬಿಡಿಬಿಡಿಯಾಗಿ ಇಟ್ಟಿರುತ್ತದೆ. ಗೋ ಮತ್ತು ರಸ್ಟ್‌ನ ‘ಲೆನ್’ 15 ಎನ್ನುತ್ತದೆ. ಅವು ಎಣಿಸುವುದು ಬೈಟುಗಳನ್ನು. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು ಬೇಕು. ಯಾರೂ ಸುಳ್ಳು ಹೇಳುತ್ತಿಲ್ಲ, ಆದರೆ ನಮಗೆ ಬೇಕಾದ ಉತ್ತರ ಯಾರ ಬಳಿಯೂ ಇಲ್ಲ. ಅಕ್ಷರವನ್ನು ಅಕ್ಷರವಾಗಿ ಎಣಿಸಲು ಬೇರೆ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬೇಕು. ಅವುಗಳಲ್ಲೂ ಕೆಲವು ‘ಡ್ಯ’ವನ್ನು ಒಡೆದು ಒಟ್ಟು 3 ಎನ್ನುತ್ತವೆ. ಈಗಲೇ ಓಡಿಸಿ ನೋಡಿಬಿಡಿ.

ಇದು ಸುಮ್ನೆ ಬುದ್ಧಿವಂತಿಕೆಯ ಆಟವಲ್ಲ. ರಸೀದಿಯಲ್ಲಿ ಹೆಸರಿನ ಜಾಗ ಚಿಕ್ಕದು ಎಂದು ಹತ್ತು ಬೈಟಿಗೆ ಕತ್ತರಿಸಿದರೆ ಮೂರು ಚಿಹ್ನೆ ಉಳಿದು, ನಾಲ್ಕನೆಯದು ಮುರಿದುಹೋಗುತ್ತದೆ. ಗೋದಲ್ಲಿ ಆ ಜಾಗದಲ್ಲಿ ಕಸ ಕಾಣುತ್ತದೆ. ರಸ್ಟ್‌ನಲ್ಲಿ ಪ್ರೋಗ್ರಾಮೇ ಅಲ್ಲಿ ನಿಂತುಬಿಡುತ್ತದೆ. ಎಸ್‌ಎಂಎಸ್ ಕಳಿಸುವವರಿಗೆ ಇನ್ನೊಂದು ಮಾತು: ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಆ 70ರಲ್ಲಿ ಸೊನ್ನೆ, ಕೊಂಬು, ಒತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಎರಡನೆಯದು ಹುಡುಕಾಟ. ಇಲ್ಲಿ ನಮ್ಮ ಪೈಥಾನ್ ಪ್ರೇಮಿಗೆ ಮುಖಭಂಗವಾಯಿತು. ಪೈಥಾನ್ ಜೊತೆಗೇ ಬರುವ ರೆಗ್ಯುಲರ್ ಎಕ್ಸ್‌ಪ್ರೆಶನ್ (ಮಾದರಿ ಕೊಟ್ಟು ಪಠ್ಯ ಹುಡುಕುವ) ಸೌಲಭ್ಯಕ್ಕೆ ‘ಮೈಸೂರು’ ಕೊಟ್ಟು, ‘ಪದದ ಅಕ್ಷರ’ ಎಂಬರ್ಥದ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಳಸಿ ಪದಗಳನ್ನು ಹೆಕ್ಕಲು ಹೇಳಿ. ಸಿಗುವುದು ಮ, ಸ, ರ ಎಂಬ ಮೂರು ‘ಪದ’ಗಳು! ಗುಣಿತ ಚಿಹ್ನೆಗಳನ್ನು ಅದು ಪದದ ಭಾಗವೆಂದು ಒಪ್ಪುವುದೇ ಇಲ್ಲ. ರೆಜೆಕ್ಸ್ ಎಂಬ ಬೇರೆ ಪ್ಯಾಕೇಜು ಹಾಕಿಕೊಂಡರೆ ಸರಿಹೋಗುತ್ತದೆ. ಜಾವಾಸ್ಕ್ರಿಪ್ಟ್ ಇನ್ನೂ ಮೊಂಡು. ಅದರ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟರೆ ಏನೂ ಕಾಣಿಸದು. ಯೂನಿಕೋಡ್ ಗುಣಲಕ್ಷಣ ಹೇಳಿ ಹುಡುಕುವ ದಾರಿ ಅದರಲ್ಲಿ 2018ರಿಂದ ಇದೆ, ಅದನ್ನು ಬಳಸಬೇಕು. ರಸ್ಟ್‌ನ ರೆಜೆಕ್ಸ್ ಲೈಬ್ರರಿ ಮಾತ್ರ ಮೊದಲ ಸಲಕ್ಕೇ ‘ಮೈಸೂರು’ ಎಂದು ಇಡಿಯಾಗಿ ಕೊಟ್ಟಿತು. ಗೆಳೆಯ ಆ ದಿನದ ಕಾಫಿ ಬಿಲ್ಲನ್ನು ಖುಷಿಯಿಂದ ತಾನೇ ಕೊಟ್ಟ.

ಮೂರನೆಯದು ಅಂಕಿ. ಆಲೆಮನೆಯ ಹಳೇ ಲೆಕ್ಕದ ಪುಸ್ತಕದಲ್ಲಿ ೨೫ ಎಂದೇ ಬರೆದಿದ್ದರು. ಪೈಥಾನ್‌ಗೆ ೨೫ ಕೊಟ್ಟು ಸಂಖ್ಯೆ ಮಾಡು ಎಂದರೆ ತಕರಾರಿಲ್ಲದೆ 25 ಮಾಡುತ್ತದೆ. ಜಾವಾಸ್ಕ್ರಿಪ್ಟ್ ‘ಇದು ಸಂಖ್ಯೆಯೇ ಅಲ್ಲ’ ಎನ್ನುತ್ತದೆ. ಹತ್ತು ಅಂಕಿ ಬದಲಿಸುವ ಸಣ್ಣ ಫಂಕ್ಷನ್ ಬರೆದರೆ ಮುಗಿಯಿತು, ಆದರೆ ಬರೆಯಬೇಕು ಎಂದು ಮೊದಲೇ ಗೊತ್ತಿರಬೇಕು.

ನಾಲ್ಕನೆಯದು ಅಕಾರಾದಿ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಗೆ ಬರುತ್ತದೆ: ಯ ರ ಲ ವ ಶ ಷ ಸ ಹ ಳ. ಯೂನಿಕೋಡ್ ಪಟ್ಟಿಯಲ್ಲಿ ಮಾತ್ರ ಳ ಕೂತಿರುವುದು ಲ ಆದ ಕೂಡಲೇ, ವ ಬರುವ ಮುಂಚೆ. ಹಾಗಾಗಿ ಯಾವ ಭಾಷೆಯಲ್ಲಾದರೂ ಸುಮ್ಮನೆ ಸಾರ್ಟ್ ಮಾಡು ಎಂದರೆ ‘ಹಳ್ಳಿ’ ಮೊದಲು, ‘ಹಸು’ ಆಮೇಲೆ. ನಿಘಂಟು ನೋಡಿ ಬೆಳೆದವರಿಗೆ ಇದು ತಲೆಕೆಳಗು. ಭಾಷೆವಾರು ವಿಂಗಡಿಸಲು ಐಸಿಯು ಎಂಬ ಲೈಬ್ರರಿ ಇದೆ. ಬ್ರೌಸರಿನಲ್ಲಿ ಇಂಥದ್ದೇ ಸೌಲಭ್ಯ ಮೊದಲೇ ಸೇರಿಕೊಂಡಿರುತ್ತದೆ. ಕೆಲವು ಭಾಷೆಗಳಲ್ಲಿ ಅದನ್ನು ಬೇರೆಯಾಗಿ ತಂದು ಜೋಡಿಸುವುದೇ ಅರ್ಧ ದಿನದ ಕೆಲಸ. ಹಸು, ಹಳ್ಳಿ ಎರಡೇ ಪದ ಕೊಟ್ಟು ಪರೀಕ್ಷಿಸಿ.

ಈ ನಾಲ್ಕರಲ್ಲೂ ಪಾಸಾದ ಭಾಷೆ ನಮಗೆ ಸಿಗಲಿಲ್ಲ. ಪಾಸು ಫೇಲು ನೋಡಬೇಡಿ, ಎಲ್ಲೆಲ್ಲಿ ತೇಪೆ ಹಾಕಬೇಕು ಎಂದು ಬರೆದುಕೊಳ್ಳಿ. ತೇಪೆ ಜಾಸ್ತಿಯಾದರೆ ಯೋಚಿಸಿ.

ಹೆಜ್ಜೆ 4: ಲೈಬ್ರರಿಗಳನ್ನು ಸಂತೆಯಲ್ಲಿ ತರಕಾರಿ ನೋಡುವಂತೆ ನೋಡಿ

ನೀವು ಬರೆಯುವ ಕೋಡಿಗಿಂತ ಬೇರೆಯವರಿಂದ ತರುವ ಕೋಡೇ ಜಾಸ್ತಿ ಇರುತ್ತದೆ. 2016ರ ಮಾರ್ಚಿನಲ್ಲಿ ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರದಿಂದ ಲೆಫ್ಟ್‌ಪ್ಯಾಡ್ ಎಂಬ ಪ್ಯಾಕೇಜನ್ನು ಅದರ ಲೇಖಕರು ತೆಗೆದುಬಿಟ್ಟರು. ಇದ್ದದ್ದು 11 ಸಾಲು ಕೋಡ್. ಪದದ ಎಡಗಡೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದನ್ನು ನಂಬಿದ್ದ ಎಷ್ಟೋ ಪ್ರಾಜೆಕ್ಟುಗಳ ಬಿಲ್ಡ್ ಒಟ್ಟಿಗೆ ಮುರಿದುಬಿತ್ತು.

ನಿಮಗೆ ಖಂಡಿತ ಬೇಕಾಗುವ ನಾಲ್ಕೈದು ಲೈಬ್ರರಿಗಳನ್ನು ಮಾತ್ರ ಹುಡುಕಿ. ಕೊನೆಯ ಆವೃತ್ತಿ ಯಾವಾಗ ಬಂತು, ಎಷ್ಟು ಜನ ನೋಡಿಕೊಳ್ಳುತ್ತಿದ್ದಾರೆ, ಲೈಸೆನ್ಸ್ ನಿಮ್ಮದಕ್ಕೆ ಹೊಂದುತ್ತದೆಯೇ ನೋಡಿ. ಭಾಷೆಯ ಜೊತೆಗೇ ಬರುವ ಸೌಲಭ್ಯ ಹೆಚ್ಚಿದ್ದಷ್ಟೂ ನಿಮ್ಮ ತಲೆನೋವು ಕಡಿಮೆ. ಎಸ್‌ಕ್ಯೂಲೈಟ್ ಡೇಟಾಬೇಸ್ 2006ರಿಂದ ಪೈಥಾನ್ ಜೊತೆಯಲ್ಲೇ ಬರುತ್ತದೆ, ಬೇರೆ ಏನೂ ತರಬೇಕಿಲ್ಲ.

ಹಾಂ, ಭಾಷೆಯನ್ನು ಓಡಿಸಲೇ ದುಡ್ಡು ಕೊಡಬೇಕಾದರೆ ಅದನ್ನು ಅಲ್ಲಿಗೇ ಬಿಡಿ. ಮ್ಯಾಟ್‌ಲ್ಯಾಬ್‌ನಲ್ಲಿ ಬರೆದ ಓಪನ್ ಸೋರ್ಸ್ ಕೋಡನ್ನು ಲೈಸೆನ್ಸ್ ಇಲ್ಲದ ವಿದ್ಯಾರ್ಥಿ ಓದಬಹುದು, ಓಡಿಸಲಾರ. ಅಂಥ ಕೆಲಸಕ್ಕೆ ಗ್ನೂ ಆಕ್ಟೇವ್ ಅಥವಾ ಪೈಥಾನ್ ಇವೆ.

ಹೆಜ್ಜೆ 5: ಹತ್ತು ವರ್ಷ ಆದ ಮೇಲೆ?

ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. ಪೈಥಾನ್ 2ಕ್ಕೆ ಬೆಂಬಲ ಮುಗಿದದ್ದು 2020ರ ಜನವರಿ 1ಕ್ಕೆ. ನಡುವೆ ಹನ್ನೊಂದು ವರ್ಷ ಎಷ್ಟು ಪ್ರಾಜೆಕ್ಟುಗಳು ಎರಡು ದೋಣಿಯಲ್ಲಿ ಕಾಲಿಟ್ಟಿದ್ದವೋ! ಗೋ ತಂಡ 2012ರಲ್ಲಿ 1.0 ಬಿಡುವಾಗಲೇ, ಇವತ್ತು ಬರೆದ ಕೋಡ್ ಮುಂದಿನ 1.x ಆವೃತ್ತಿಗಳಲ್ಲೂ ಓಡುವಂತೆ ನೋಡಿಕೊಳ್ಳುತ್ತೇವೆ ಎಂದು ಮಾತು ಕೊಟ್ಟಿತು. ಬಿಡುವಿದ್ದಾಗ ಮಾತ್ರ ಪ್ರಾಜೆಕ್ಟ್ ಮುಟ್ಟುವ ನಮ್ಮಂಥವರಿಗೆ ಇಂಥ ಮಾತು ದೊಡ್ಡದು. ಆರು ತಿಂಗಳು ಬಿಟ್ಟು ಬಂದರೂ ಬಿಲ್ಡ್ ಆಗಬೇಕು.

ಭಾಷೆಯ ಹಿಂದೆ ಯಾರಿದ್ದಾರೆ ಎಂದೂ ನೋಡಿ. ಪೈಥಾನ್‌ಗೆ 2001ರಿಂದ, ರಸ್ಟ್‌ಗೆ 2021ರಿಂದ ಪ್ರತಿಷ್ಠಾನಗಳಿವೆ. ಒಂದೇ ಕಂಪನಿಯನ್ನು ನಂಬಿದ ಭಾಷೆ ಕೆಟ್ಟದ್ದೇನಲ್ಲ, ಆದರೆ ಕಂಪನಿಯ ಮನಸ್ಸು ಬದಲಾದರೆ ಏನಾಗುತ್ತದೆ ಎಂಬುದನ್ನು ಮಂಡಿಯಲ್ಲಿ ನೋಡಿ ಆಗಿದೆ.

ಹೆಜ್ಜೆ 6: ವೇಗ

ದಿನಕ್ಕೆ ಐವತ್ತು ಸಾಲು ಲೆಕ್ಕ ಬರೆಯುವ ಸಾಫ್ಟ್‌ವೇರಿಗೆ ಯಾವ ಭಾಷೆಯಾದರೂ ಸಾಕಷ್ಟು ವೇಗವಾಗಿದೆ. ನಿಜವಾಗಿ ಭಾರದ ಕೆಲಸವಿದ್ದರೆ ಅಷ್ಟನ್ನು ಮಾತ್ರ ಬೇರೆ ಭಾಷೆಗೆ ಬಿಡಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಒತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಹಾರ್ಫ್‌ಬಝ್, ಮುದ್ರಿತ ಕನ್ನಡ ಪುಟವನ್ನು ಓದುವ ಟೆಸೆರ‍್ಯಾಕ್ಟ್, ಎರಡೂ ಸಿ ಪ್ಲಸ್ ಪ್ಲಸ್‌ನವು. ಅವನ್ನು ಪೈಥಾನಿನಿಂದ ಕರೆದು ಕೆಲಸ ಮಾಡಿಸುವವರು ಬಹಳ ಜನ.

ಒಂದು ಉದಾಹರಣೆ ಮಾತ್ರ ನೆನಪಿಡಿ. 2025ರ ಮಾರ್ಚಿನಲ್ಲಿ ಟೈಪ್‌ಸ್ಕ್ರಿಪ್ಟ್ ತಂಡ ತನ್ನ ಕಂಪೈಲರನ್ನು (ಬರೆದ ಕೋಡನ್ನು ಓಡುವ ರೂಪಕ್ಕೆ ತರುವ ಪ್ರೋಗ್ರಾಂ) ಗೋ ಭಾಷೆಗೆ ಸಾಗಿಸುತ್ತಿದ್ದೇವೆ ಎಂದು ಹೇಳಿತು. ಗುರಿ ವೇಗವೇ, ಹತ್ತು ಪಟ್ಟು. ರಸ್ಟ್ ಯಾಕಲ್ಲ ಎಂದು ಜನ ಮುಗಿಬಿದ್ದರು. ಹಳೇ ಕೋಡಿನ ರಚನೆ ಗೋಗೆ ಹತ್ತಿರವಿದೆ, ಹೊಸದಾಗಿ ಬರೆಯದೆ ಇದ್ದದ್ದನ್ನೇ ಸಾಗಿಸಬಹುದು ಎಂಬುದು ಅವರು ಕೊಟ್ಟ ಒಂದು ಮುಖ್ಯ ಕಾರಣ.

ಹೆಜ್ಜೆ 7: ಎರಡು ವಾರ, ಎರಡು ಭಾಷೆ, ಒಂದೇ ಕೆಲಸ

ಇಷ್ಟರಲ್ಲಿ ಎರಡು ಭಾಷೆ ಉಳಿದಿರುತ್ತವೆ. ನಮಗೆ ಡಾರ್ಟ್ ಮತ್ತು ಟೈಪ್‌ಸ್ಕ್ರಿಪ್ಟ್ ಉಳಿದವು. ಎರಡರಲ್ಲೂ ಒಂದೇ ಸಣ್ಣ ಕೆಲಸ ಮಾಡಿ. ನಾವು ಆರಿಸಿಕೊಂಡದ್ದು: ಒಬ್ಬ ಕೆಲಸಗಾರನ ಹೆಸರು, ದಿನಗೂಲಿ ಬರೆಯುವುದು, ನೆಟ್ ಆಫ್ ಮಾಡಿ ಉಳಿಸುವುದು, ವಾರದ ಬಾಕಿ ಕನ್ನಡದಲ್ಲಿ ತೋರಿಸುವುದು. ಹೆಸರುಗಳ ಪಟ್ಟಿ ಅಕಾರಾದಿಯಲ್ಲಿರಬೇಕು.

ಆ ಭಾಷೆಯನ್ನು ಪ್ರೀತಿಸುವವರಿಗೆ ಈ ಕೆಲಸ ಕೊಡಬೇಡಿ. ಪ್ರೀತಿಸುವವರು ಎಲ್ಲ ತೊಂದರೆಯನ್ನೂ ‘ಇದೇನ್ ಮಹಾ’ ಎಂದು ದಾಟಿಬಿಡುತ್ತಾರೆ. ನಮ್ಮಲ್ಲಿ ಡಾರ್ಟ್ ಬರೆದವನು ಜಾವಾದವನು, ಟೈಪ್‌ಸ್ಕ್ರಿಪ್ಟ್ ಬರೆದವಳು ಪೈಥಾನ್‌ನವಳು. ಸಿಕ್ಕಿಹಾಕಿಕೊಂಡ ಜಾಗವನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಲು ಹೇಳಿದ್ದೆವು. ಡಾರ್ಟ್‌ನ ಪರದೆ ಚೆಂದ ಬಂತು. ಅಕಾರಾದಿಯಲ್ಲಿ ತಡಕಾಡಿತು. ಟೈಪ್‌ಸ್ಕ್ರಿಪ್ಟ್ ಕಡೆ ಆ ಒಡೆದ ಫೋನಿನಲ್ಲಿ ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿರಲಿಲ್ಲ, ಲಿಂಕ್ ತೆರೆದರೆ ಸಾಕಿತ್ತು. ಒಂದು ಗಂಟೆ ಪರೀಕ್ಷೆಯನ್ನು ಎರಡನೇ ವರ್ಷದ ವಿದ್ಯಾರ್ಥಿ ನಲವತ್ತು ನಿಮಿಷದಲ್ಲಿ ಮುಗಿಸಿದ. ಬ್ರೌಸರಿನಲ್ಲೇ ಎಫ್-12 ಒತ್ತಿ ತಪ್ಪು ಹುಡುಕುವುದು ಅವನಿಗೆ ಮೊದಲೇ ಅಭ್ಯಾಸವಿತ್ತು.

ಹೆಜ್ಜೆ 8: ಮತ ಹಾಕಿಸಬೇಡಿ, ಬರೆದಿಡಿ

ಕೆಲವು ತಂಡಗಳು ಇಲ್ಲಿ ಎಲ್ಲರಿಂದ ಮತ ಹಾಕಿಸುತ್ತವೆ. ನನಗೆ ಇದು ಸರಿಕಾಣುವುದಿಲ್ಲ. ಒಂದು ಸಾಲೂ ಬರೆಯದವರು ಉತ್ಸಾಹದಿಂದ ಮತ ಹಾಕಿ ಹೋಗುತ್ತಾರೆ. ಎಲ್ಲರ ಮಾತೂ ಕೇಳಿ. ತೀರ್ಮಾನವನ್ನು ಮಾತ್ರ ಮುಂದಿನ ಎರಡು ವರ್ಷ ತಪ್ಪುಗಳನ್ನು ತಿದ್ದುತ್ತೇವೆ ಎಂದು ಒಪ್ಪಿಕೊಂಡ ಇಬ್ಬರು ಮೂವರು ಮಾಡಲಿ.

ತೀರ್ಮಾನ ಆದ ದಿನವೇ ‘ನಿರ್ಧಾರ’ ಎಂಬ ಫೈಲ್ ಮಾಡಿ ಕೋಡಿನ ಜೊತೆಗೇ ಇಡಿ. ಒಂದು ಪುಟ ಸಾಕು, ಕನ್ನಡದಲ್ಲೇ ಇರಲಿ. ಯಾವ ಭಾಷೆ, ಯಾವ ಆವೃತ್ತಿ, ಯಾವುದನ್ನು ಯಾಕೆ ಬಿಟ್ಟೆವು, ಏನಾದರೆ ಮತ್ತೆ ಯೋಚಿಸುತ್ತೇವೆ. ಕೊನೆಯದು ಬಹಳ ಮುಖ್ಯ. ನಾವು ಆರಿಸಿದ್ದು ಟೈಪ್‌ಸ್ಕ್ರಿಪ್ಟ್, ನಮ್ಮ ಫೈಲಿನಲ್ಲಿ ಹೀಗಿದೆ: ‘ಬ್ರೌಸರ್ ತಾನಾಗಿ ಲೆಕ್ಕ ಅಳಿಸಿದ ಪ್ರಸಂಗ ಎರಡು ಸಲ ಆದರೆ ಕಾಟ್ಲಿನ್ ಬಗ್ಗೆ ಮತ್ತೆ ಮಾತಾಡೋಣ.’ ಇಲ್ಲಿಯವರೆಗೆ ಒಂದು ಸಲ ಆಗಿದೆ.

ಅದೇ ದಿನ ಭಾಷೆಯ ಆವೃತ್ತಿಯನ್ನು ಗೊತ್ತು ಮಾಡಿ, ಕೋಡನ್ನು ಒಂದೇ ಶೈಲಿಗೆ ತರುವ ಸಲಕರಣೆ ಸೇರಿಸಿ. ಗೋಗೆ ಗೋಫಮ್ಟ್, ಪೈಥಾನ್‌ಗೆ ಬ್ಲ್ಯಾಕ್, ಜಾವಾಸ್ಕ್ರಿಪ್ಟಿಗೆ ಪ್ರಿಟಿಯರ್. ಟ್ಯಾಬೋ ಸ್ಪೇಸೋ ಎಂಬ ಜಗಳಕ್ಕೆ ಇನ್ನೂ ಮೂರು ಭಾನುವಾರ ಕೊಡಲು ನಮಗೆ ಮನಸ್ಸಿರಲಿಲ್ಲ.

ಹೆಜ್ಜೆ 9: ಲೆಕ್ಕ ಭಾಷೆಯೊಳಗೆ ಸಿಕ್ಕಿಕೊಳ್ಳದಿರಲಿ

ಇದನ್ನು ಮತ್ತೆ ಮಂಡಿಯಲ್ಲೇ ಕಲಿತದ್ದು. ಪ್ರೋಗ್ರಾಂ ತಿದ್ದುವಂತಿರಲಿಲ್ಲ, ಆದರೆ ಫಾಕ್ಸ್‌ಪ್ರೋ ತನ್ನ ಲೆಕ್ಕವನ್ನು ಡಿಬಿಎಫ್ ಫೈಲುಗಳಲ್ಲಿ ಇಟ್ಟಿತ್ತು. ಆ ಫೈಲುಗಳನ್ನು ಲಿಬ್ರೆಆಫೀಸ್ ಕ್ಯಾಲ್ಕ್ ಸಲೀಸಾಗಿ ತೆರೆಯಿತು. ರೈತರ ಹೆಸರುಗಳು ಮಾತ್ರ ಹಳೇ ಆಸ್ಕಿ ಫಾಂಟಿನವು, ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡಿಗೆ ಬದಲಿಸುವ ಸಣ್ಣ ಪ್ರೋಗ್ರಾಂ ಓಡಿಸಿ, ಉಳಿದ ಒತ್ತುಗಳನ್ನು ಯಜಮಾನರ ಮಗಳು ಕೈಯಲ್ಲೇ ತಿದ್ದಿದಳು. ಒಂದೇ ಸಂಜೆಯಲ್ಲಿ ಅಷ್ಟು ವರ್ಷದ ಲೆಕ್ಕ ಹೊರಗೆ ಬಂತು. ಮೊಬೈಲ್ ನಂಬರಿನ ಕಾಲಮ್ಮೂ ಸೇರಿತು.

ಹಾಗಾಗಿ ನಿಮ್ಮ ಸಾಫ್ಟ್‌ವೇರಿನ ಲೆಕ್ಕ ಎಸ್‌ಕ್ಯೂಲೈಟ್ ಅಥವಾ ಸಿಎಸ್‌ವಿಯಂಥ, ಯಾವ ಭಾಷೆ ಬೇಕಾದರೂ ಓದುವ ರೂಪದಲ್ಲಿ ಹೊರಗೆ ಬರುವಂತಿರಲಿ. ‘ಎಲ್ಲ ಲೆಕ್ಕ ಇಳಿಸಿಕೊಳ್ಳಿ’ ಎಂಬ ಗುಂಡಿ ಮೊದಲ ಆವೃತ್ತಿಯಲ್ಲೇ ಇರಲಿ. ಪೈಥಾನ್‌ನ ಪಿಕಲ್ ಥರ, ಒಂದೇ ಭಾಷೆಗೆ ಕಟ್ಟಿಹಾಕುವ ರೂಪಗಳನ್ನು ಮುಟ್ಟಬೇಡಿ.

ಮುಂದೆ ಯಾರಾದರೂ ಬಂದು ‘ಇದನ್ನು ರಸ್ಟ್‌ನಲ್ಲಿ ಮತ್ತೆ ಬರೆಯೋಣ’ ಎನ್ನುತ್ತಾರೆ. ಬಂದೇ ಬರುತ್ತಾರೆ. ಜಗಳಕ್ಕೆ ಹೋಗಬೇಡಿ. ನಿರ್ಧಾರದ ಫೈಲ್ ತೋರಿಸಿ, ಸಿಎಸ್‌ವಿ ಕೈಗೆ ಕೊಟ್ಟು, ಪಕ್ಕದಲ್ಲಿ ಬೇರೆ ಸಲಕರಣೆ ಕಟ್ಟಲು ಬಿಡಿ. ನಮ್ಮ ರಸ್ಟ್ ಗೆಳೆಯ ಈಗ ಮಾಡುತ್ತಿರುವುದು ಅದನ್ನೇ. ಸುಗ್ಗಿ ಮುಗಿದ ಮೇಲೆ ಎಲ್ಲ ಆಲೆಮನೆಗಳ ಸಿಎಸ್‌ವಿ ಒಟ್ಟು ಮಾಡಿ ವರ್ಷದ ಲೆಕ್ಕ ತೆಗೆಯುವ ಪ್ರೋಗ್ರಾಂ ಬರೆಯುತ್ತಿದ್ದಾನೆ. ಮೊನ್ನೆ ‘ಹಸು’ ‘ಹಳ್ಳಿ’ ಪರೀಕ್ಷೆಯಲ್ಲಿ ಫೇಲಾಗಿ ಬಂದಿದ್ದ, ಕಾಫಿ ನಾವೇ ಕುಡಿಸಿದೆವು.